ತಾನೇ ತುಂಬಿಕೊಳ್ಳುವ ಬಿಲ್ಲು

ನನ್ನ ಅತ್ತೆ ನೋಡುತ್ತಿದ್ದ ಮರಾಠಿ ಧಾರಾವಾಹಿಯಲ್ಲಿ ಒಬ್ಬ ಹುಡುಗಿಯ ಮದುವೆ ತಪ್ಪುತ್ತಲೇ ಬಂದಿತ್ತು. ಒಮ್ಮೆ ವರ ಓಡಿಹೋದ, ಒಮ್ಮೆ ವರನ ತಾಯಿಗೆ ಎದೆನೋವು ಬಂತು, ಒಮ್ಮೆ ಹುಡುಗಿಯನ್ನೇ ಯಾರೋ ಕೋಣೆಯಲ್ಲಿ ಕೂಡಿಹಾಕಿದರು. ಕೊನೆಗೊಂದು ಸಂಜೆ ಎಲ್ಲ ಕೂಡಿಬಂದು, ಅಂತರಪಾಟ ಹಿಡಿದು, ಭಟ್ಟರು ‘ಸಾವಧಾನ’ ಎನ್ನುವ ಹೊತ್ತಿಗೆ ಟೀವಿಯ ತೆರೆ ನೀಲಿಯಾಯಿತು. ರೀಚಾರ್ಜ್ ಮುಗಿದಿದೆ ಎಂದು ಅದರ ಮೇಲೆ ಬರೆದಿತ್ತು. ಅತ್ತೆಗೆ ಓದಲು ಬರುವುದಿಲ್ಲ. ಇದೂ ಮದುವೆಗೆ ಬಂದ ಇನ್ನೊಂದು ವಿಘ್ನವೆಂದೇ ತಿಳಿದು ಸ್ವಲ್ಪ ಹೊತ್ತು ಆ ನೀಲಿಯನ್ನೇ ನೋಡುತ್ತ ಕೂತರು. ನಾನು ವಿಷಯ ತಿಳಿಸಿದ ಮೇಲೆ ಅವರ ಸಿಟ್ಟೆಲ್ಲ ಧಾರಾವಾಹಿಯ ಮಂದಿಯನ್ನು ಬಿಟ್ಟು ತಮ್ಮ ಮಗನ ಕಡೆಗೆ ತಿರುಗಿತು.

ಆ ಮಗ ಎಂದರೆ ನನ್ನ ಗಂಡ. ಚಿಕ್ಕೋಡಿಯಲ್ಲಿ ಅವರದು ಗೊಬ್ಬರ ಮತ್ತು ಬೆಳೆ ಔಷಧದ ಅಂಗಡಿ. ನಾನು ಅಲ್ಲಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ತವರು ನಿಪ್ಪಾಣಿಯಾದ್ದರಿಂದ ಬೈಗುಳವನ್ನು ಮರಾಠಿಯಲ್ಲೂ ಲೆಕ್ಕವನ್ನು ಹಿಂದಿಯಲ್ಲೂ ಮಾಡಿ, ಸಂಬಳವನ್ನು ಮಾತ್ರ ಕನ್ನಡದಲ್ಲಿ ಪಡೆಯುತ್ತೇನೆ. ಮನೆ ಕರೋಶಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಇಬ್ಬರೂ ದಿನಾ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬರುತ್ತೇವೆ. ಕಬ್ಬು, ಎಮ್ಮೆ, ನೀರು ಬಿಡುವುದು, ಇವೆಲ್ಲ ಮಾವನವರ ಕಾರಭಾರ. ಮನೆಯ ಬಿಲ್ಲುಗಳನ್ನು ತುಂಬುವುದೂ ಅವರದೇ ಕೆಲಸ. ಟೀವಿ ಒಂದನ್ನು ಮಾತ್ರ ಮಗನಿಗೆ ಒಪ್ಪಿಸಿದ್ದರು, ಏಕೆಂದರೆ ಅದಕ್ಕೆ ಹೋಗಿ ಸರದಿಯಲ್ಲಿ ನಿಲ್ಲುವ ಕಿಟಕಿ ಇರಲಿಲ್ಲ.

ಮಾವನವರಿಗೆ ಕಿಟಕಿ ಬೇಕು. ಲೈಟ್ ಬಿಲ್ಲು ಬಂದ ಮರುದಿನ ಅವರು ಮುಂಜಾನೆಯೇ ಕ್ಷೌರ ಮಾಡಿಸಿ, ಇಸ್ತ್ರಿಯ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟುಕೊಂಡು ಚಿಕ್ಕೋಡಿಯ ಬಸ್ಸು ಹಿಡಿಯುತ್ತಿದ್ದರು. ಸರದಿಯಲ್ಲಿ ನಿಂತಾಗ ಮುಂದಿನವನಿಂದ ಯಾವ ಕಾರ್ಖಾನೆ ಯಾವಾಗ ಕಬ್ಬು ಕಡಿಸುತ್ತದೆ ಎನ್ನುವುದು, ಹಿಂದಿನವನಿಂದ ಅಥಣಿ ಕಡೆ ಯಾರ ಮನೆಯಲ್ಲಿ ಕನ್ಯೆ ಇದೆ ಎನ್ನುವುದು ತಿಳಿಯುತ್ತಿತ್ತು. ಆಮೇಲೆ ಒಂದು ಪ್ಲೇಟು ಭಜಿ, ಒಂದು ಕಪ್ಪು ಚಹಾ. ಸಂಜೆ ಮನೆಗೆ ಬಂದವರ ಮುಖದಲ್ಲಿ ರಾಜ್ಯವನ್ನು ಇನ್ನೊಂದು ತಿಂಗಳ ಮಟ್ಟಿಗೆ ಉಳಿಸಿ ಬಂದ ತೃಪ್ತಿ ಇರುತ್ತಿತ್ತು.

ಮದುವೆ ತಪ್ಪಿದ ಆ ಸಂಜೆ ನಮ್ಮವರು ಕೈಕಾಲು ತೊಳೆದು ಬಂದು ತಾಯಿಯ ಮಾತುಗಳನ್ನು ತಲೆ ಬಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಇದಕ್ಕೆಲ್ಲ ಒಂದೇ ಪರಿಹಾರ, ಅದು ಆಟೋಪೇ ಎಂದರು. ಮಿರಜದಿಂದ ಬರುವ ಔಷಧ ಕಂಪನಿಯ ಸೇಲ್ಸ್‌ಮನ್ ಒಬ್ಬ ಅವರಿಗೆ ಅದರ ದೀಕ್ಷೆ ಕೊಟ್ಟಿದ್ದ. ಒಮ್ಮೆ ಬ್ಯಾಂಕಿಗೆ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ತಿಂಗಳೂ ಬಿಲ್ಲು ತಾನೇ ತುಂಬಿಕೊಳ್ಳುತ್ತದೆ, ನಾವು ನೆನಪಿಡುವುದೇ ಬೇಡ ಎಂದು ವಿವರಿಸಿದರು. ಯಾವುದನ್ನೂ ನೆನಪಿಡದೆ ಬದುಕುವ ಕಲೆ ಅವರಿಗೆ ಮೊದಲಿನಿಂದಲೂ ಸಿದ್ಧಿಸಿತ್ತು. ಈಗ ಅದಕ್ಕೆ ಬ್ಯಾಂಕಿನ ಮನ್ನಣೆಯೂ ಸಿಕ್ಕಂತಾಗಿ ಹುರುಪಿನಲ್ಲಿದ್ದರು.

ಮಾವನವರು ಊಟದ ತಾಟು ದೂರ ಸರಿಸಿದರು.

“ನಾ ಕೈಯಿಂದ ಕೊಟ್ರ ಕೊಟ್ಟಂಗ. ಅದಾಗೇ ಹೋದ್ರ ಕಳುವಾದಂಗ.”

“ಅಪ್ಪಾ, ಒಮ್ಮೆ ನಮ್ಮ ಪರವಾನಗಿ ತಗೊಂಡs ಕಟ್ ಮಾಡ್ತಾರ.”

“ಒಮ್ಮೆ ಪರವಾನಗಿ ಕೇಳೂದು ಲಗ್ನದಾಗ. ಆಮ್ಯಾಲ ಏನಾಗ್ತೈತಿ ಅಂಬೂದು ಎಲ್ಲಾರಿಗೂ ಗೊತ್ತೈತಿ.”

ಅತ್ತೆ ಅವರ ಕಡೆ ಒಮ್ಮೆ ನೋಡಿದರು. ಮಾವನವರು ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಓದಿದವಳೆಂದು ನನ್ನ ಅಭಿಪ್ರಾಯವನ್ನೂ ಕೇಳಿದರು. ಯಾರಾದರೂ ಅಭಿಪ್ರಾಯ ಕೇಳಿದರೆ ತರಗತಿಯ ಗಂಟೆ ಬಾರಿಸಿದಂತೆ ಎದ್ದು ನಿಲ್ಲುವುದು ನನ್ನ ಅಭ್ಯಾಸ. ಇದರಿಂದ ಸಮಯ ಉಳಿಯುತ್ತದೆ, ಆದರೆ ಖರ್ಚಿನ ಮೇಲಿನ ಹಿಡಿತ ಸಡಿಲವಾಗಬಹುದು, ದಂಡ ತಪ್ಪುತ್ತದೆ, ಆದರೆ ಖಾತೆಯಲ್ಲಿ ಹಣ ಇಲ್ಲದಿದ್ದರೆ ಬೇರೆ ದಂಡ ಬೀಳಬಹುದು ಎಂದು ಎರಡೂ ಬದಿಗೆ ನ್ಯಾಯವಾಗಿಯೇ ಹೇಳಿದೆ. ನಡುವೆ ಎದ್ದುಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದ ಅತ್ತೆಗೆ ನನ್ನ ಮಾತಿನ ಕೊನೆಯ ಭಾಗ ಸಿಕ್ಕಿತು. ಎಲ್ಲ ಮುಗಿದ ಮೇಲೆ ಮಾವನವರು, ಹಾಗಾದರೆ ಹೂಂ ಎನ್ನುವುದೋ ಉಹೂಂ ಎನ್ನುವುದೋ ಎಂದು ಕೇಳಿದರು. ಅದು ಪರಿಸ್ಥಿತಿಯನ್ನು ಅವಲಂಬಿಸಿರುತ್ತದೆ ಎಂದೆ. ಅವರು ಸಾವಕಾಶ ತಲೆಯಾಡಿಸಿದರು. ಇಷ್ಟನ್ನು ಹೇಳಲು ಸರಕಾರ ಸಂಬಳ ಕೊಡುತ್ತದೆ ಎನ್ನುವುದು ಅವರಿಗೆ ಅವತ್ತೇ ಖಾತ್ರಿಯಾದಂತೆ ಕಂಡಿತು.

ಕೊನೆಗೆ ತೀರ್ಪು ಕೊಟ್ಟವರು ಅತ್ತೆ. “ಯಾರರೆ ತುಂಬ್ರಿ. ನಾಳಿ ನನಗ ಅಕಿ ಲಗ್ನ ಕಾಣಬೇಕು.”

ಹಾಗೆ ಆಟೋಪೇ ಮಂಜೂರಾಯಿತು. ಮಾವನವರು ಎರಡು ಷರತ್ತು ಹಾಕಿದರು. ಅಮಾವಾಸ್ಯೆ ಮುಗಿಯುವ ತನಕ ಶುರು ಮಾಡಕೂಡದು, ಕ್ಷೌರದ ಹಣವನ್ನು ಮಾತ್ರ ಕೈಯಲ್ಲೇ ಕೊಡಬೇಕು. ಕತ್ತಿ ಹಿಡಿದವನ ಜೊತೆ ಬ್ಯಾಂಕಿನ ಮೂಲಕ ವ್ಯವಹಾರ ಮಾಡುವುದು ಜಾಣತನವಲ್ಲ ಎಂದರು. ಅಮಾವಾಸ್ಯೆಗೆ ಕಾಯಲು ಅತ್ತೆ ಒಪ್ಪದೆ ಟೀವಿಯದನ್ನು ಆಗಲೇ ಮಾಡಿಸಿದರು. ಲೈಟ್ ಬಿಲ್ಲಿನದು ಪಾಡ್ಯದ ದಿನ ಎಂದಾಯಿತು.

ಇಲ್ಲಿ ನಮ್ಮ ಕಾಕಾನ ವಿಷಯ ಹೇಳಬೇಕು. ಕಾಕಾ ಎಂದರೆ ಮಾವನವರ ತಮ್ಮ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದಾರೆ. ಈ ಕಡೆ ನಾವು, ಆ ಕಡೆ ಕಾಕಾ ಮತ್ತು ಅವರ ಹೆಂಡತಿ ಕಾಕು. ಹೊಲ, ಎಮ್ಮೆ, ಬಾವಿಯ ನೀರಿನ ಪಾಳಿ ಎಲ್ಲವೂ ಜಗಳವಿಲ್ಲದೆ ಪಾಲಾಗಿದ್ದವು. ಅಡ್ಡಿ ಬಂದದ್ದು ಬೆಲ್ಲ ಕಾಯಿಸುವ ಹಳೆಯ ಕಡಾಯಿಗೆ. ಅದನ್ನು ಎರಡು ಮಾಡಲು ಬರುವುದಿಲ್ಲ. ಕಬ್ಬು ಕಾರ್ಖಾನೆಗೆ ಹೋಗಲು ಶುರುವಾದಾಗಿನಿಂದ ನಮ್ಮಲ್ಲಿ ಯಾರೂ ಬೆಲ್ಲ ಮಾಡಿದವರಲ್ಲ. ಆದರೂ ಆ ಕಡಾಯಿ ತನಗೆ ಬೇಕೆಂದು ಅಣ್ಣ, ತನಗೆ ಬೇಕೆಂದು ತಮ್ಮ, ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಕಡಾಯಿ ಬದುವಿನ ಮೇಲೆ ಬೋರಲು ಬಿದ್ದಿತ್ತು, ಅದರ ಕೆಳಗೆ ನಾಯಿ ಮರಿ ಹಾಕಿತ್ತು. ಅಣ್ಣತಮ್ಮಂದಿರು ಎದುರು ಬಂದರೆ ಒಬ್ಬರು ಆಕಾಶವನ್ನು, ಒಬ್ಬರು ನೆಲವನ್ನು ನೋಡುತ್ತ ದಾಟುತ್ತಿದ್ದರು. ಹೆಂಗಸರಾದ ನಾವು ಗಂಡಸರು ಹೊಲಕ್ಕೆ ಹೋದ ಮೇಲೆ ಹಿತ್ತಲ ಗೋಡೆಯ ಮೇಲಿಂದ ಮಜ್ಜಿಗೆ, ಕರಿಬೇವು ಮತ್ತು ಸುದ್ದಿ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು. ವೈರ ಗಂಡಸರ ಖಾತೆಯದು, ಅದರಲ್ಲಿ ನಾವು ಕೈಹಾಕುತ್ತಿರಲಿಲ್ಲ.

ಮನೆ ಎರಡಾದಾಗ ಕರೆಂಟಿನ ಮೀಟರೂ ಎರಡಾದವು. ಎರಡೂ ಒಂದೇ ಹಲಗೆಯ ಮೇಲೆ, ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದವು. ಹೆಸರು ಬದಲಿಸಲು ಅಣ್ಣತಮ್ಮ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಮೊದಲು ಯಾರು ಹಾಕಬೇಕೆನ್ನುವುದು ತೀರ್ಮಾನವಾಗಲಿಲ್ಲ. ಹೀಗೆ ಅಜ್ಜ ಪಹಣಿಯಿಂದಲೂ ರೇಷನ್ ಕಾರ್ಡಿನಿಂದಲೂ ಬಿಡುಗಡೆ ಪಡೆದು, ಕರೆಂಟಿನಲ್ಲಿ ಮಾತ್ರ ಎರಡು ಕಡೆ ಬದುಕಿದ್ದರು.

ಪಾಡ್ಯದ ಮುಂಜಾನೆ ನಮ್ಮವರು ಮುಂಬಾಗಿಲ ಗೋಡೆಯ ಮೀಟರ್ ಹಲಗೆಯ ಹತ್ತಿರ ಹೋಗಿ, ಸಂದಿಯಲ್ಲಿ ಸಿಕ್ಕಿಸಿದ್ದ ಬಿಲ್ಲಿನ ಚೀಟಿ ತಂದರು. ಅದರ ಮೇಲಿನ ನಂಬರನ್ನು ಮೊಬೈಲಿಗೆ ಕೊಟ್ಟರು. ತೆರೆಯ ಮೇಲೆ ಅಜ್ಜನ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ ಮೂಡಿತು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಆ ತನಕ ದೂರ ಕೂತಿದ್ದ ಮಾವನವರು ಕನ್ನಡಕ ಹಾಕಿಕೊಂಡು ಬಂದು ತಮ್ಮ ತಂದೆಯ ಹೆಸರನ್ನು ಎರಡು ಸಲ ಓದಿದರು. ಅಪ್ಪನೇ ಬಂದ ಮೇಲೆ ಅನುಮಾನ ಯಾಕೆ ಎಂದು ಅವರೇ ಒಪ್ಪಿಗೆ ಕೊಟ್ಟರು. ನಮ್ಮವರು ಗುಂಡಿ ಒತ್ತಿದರು. ಯಶಸ್ವಿಯಾಗಿದೆ ಎಂದು ಹಸಿರು ಅಕ್ಷರದಲ್ಲಿ ಬಂತು.

ಅಲ್ಲಿಂದ ಮುಂದಿನ ತಿಂಗಳುಗಳು ನಮ್ಮ ಮನೆಯ ಸುವರ್ಣಯುಗ. ಧಾರಾವಾಹಿಯ ಹುಡುಗಿಯ ಮದುವೆಯಾಗಿ, ಗಂಡನ ಮನೆಯಲ್ಲಿ ಅವಳಿಗೆ ವಿಷ ಹಾಕುವ ಸಂಚು ನಡೆಯುತ್ತಿತ್ತು. ಪ್ರತಿ ತಿಂಗಳೂ ನಮ್ಮವರ ಮೊಬೈಲು ಟಿಣ್ ಎಂದು ಲೈಟ್ ಬಿಲ್ಲು ತುಂಬಿದ ಸುದ್ದಿ ಹೇಳುತ್ತಿತ್ತು. ಅವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಮೀಟರ್ ಹಲಗೆಯಲ್ಲಿ ಸಿಕ್ಕಿಸಿ ಹೋಗುತ್ತಿದ್ದ ಚೀಟಿಗಳನ್ನು ನೋಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ತುಂಬುವುದರ ಜೊತೆಗೆ ನೋಡುವ ಕೆಲಸವನ್ನೂ ಬ್ಯಾಂಕಿಗೇ ಬಿಟ್ಟಿದ್ದೆವು.

ಎಲ್ಲರಿಗಿಂತ ಹೆಚ್ಚು ಬದಲಾದವರು ಮಾವನವರು. ಮೊದಲ ತಿಂಗಳು ಏನು ಮಾಡುವುದೆಂದು ತೋಚದೆ ಕ್ಷೌರ ಮಾಡಿಸಿ ಕೂತರು. ಎರಡನೆಯ ತಿಂಗಳು ಟೊಪ್ಪಿಗೆ ಇಟ್ಟುಕೊಂಡು ಚಿಕ್ಕೋಡಿಗೆ ಹೋಗಿಯೇಬಿಟ್ಟರು. ಬಿಲ್ಲು ತುಂಬುವ ಸರದಿಯ ಪಕ್ಕದಲ್ಲಿ ನಿಂತು, ಇನ್ನೂ ಯಾಕೆ ಬಿಸಿಲಲ್ಲಿ ನಿಂತಿದ್ದೀರಿ, ಮೊಬೈಲಿನಲ್ಲಿ ತಾನೇ ಹೋಗುತ್ತದೆ ಎಂದು ಮಂದಿಗೆ ಬೋಧನೆ ಮಾಡಿದರಂತೆ. ಕಳುವಾದಂತೆ ಎಂದಿದ್ದ ಬಾಯಿಯಿಂದಲೇ ಈ ಮಾತು. ಮನೆಗೆ ಬಂದು, ರಾಯಬಾಗ ತಾಲೂಕಿನ ಮಂದಿಯೂ ತಮ್ಮನ್ನು ಕೇಳಿ ತಿಳಿದುಕೊಂಡರು ಎಂದು ಹೆಮ್ಮೆಯಿಂದ ಹೇಳಿದರು.

ಒಂದೇ ತೊಡಕೆಂದರೆ ತಿಂಗಳಿಂದ ತಿಂಗಳಿಗೆ ಬಿಲ್ಲು ಏರುತ್ತಿತ್ತು. ನಮ್ಮವರು ಮನೆಯಲ್ಲಿ ತನಿಖೆ ಶುರುಮಾಡಿದರು. ಮೊದಲು ಮಿಕ್ಸರ್ ಬಂದಾಯಿತು, ಅತ್ತೆ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟತೊಡಗಿದರು. ಚಟ್ನಿ ರುಚಿಯಾಯಿತು, ಬಿಲ್ಲು ಇಳಿಯಲಿಲ್ಲ. ಬೇಸಿಗೆಯಲ್ಲಿ ಫ್ಯಾನನ್ನು ಮಧ್ಯಾಹ್ನ ಮಾತ್ರ ಹಾಕುವುದೆಂದಾಯಿತು. ನಾನು ಉತ್ತರಪತ್ರಿಕೆಗಳನ್ನು ಬೀಸಣಿಗೆ ಮಾಡಿಕೊಂಡು ಉತ್ತರಪತ್ರಿಕೆಗಳನ್ನೇ ತಿದ್ದಿದೆ. ನಾವು ಉಳಿಸಿದಷ್ಟೂ ಬಿಲ್ಲು ಬೆಳೆಯಿತು. ಕೊನೆಗೆ ನಮ್ಮವರ ಅನುಮಾನ ಧಾರಾವಾಹಿಯ ಮೇಲೆ ಬಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ.

ಅದೇ ಕಾಲಕ್ಕೆ ಗೋಡೆಯ ಆ ಕಡೆ ಬೇರೆಯೇ ಹವೆ ಇತ್ತು. ಕಾಕು ಹಿತ್ತಲಲ್ಲಿ ಸಿಕ್ಕಾಗ ನನಗೆ ಹೇಳಿದ್ದು ಇಷ್ಟು. ಸರಕಾರ ಮನೆಗಳಿಗೆ ಪುಕ್ಕಟೆ ಕರೆಂಟು ಎಂದಾಗ ಕಾಕಾ ಅರ್ಜಿ ಹಾಕಿದ್ದರು. ಮೀಟರು ಸತ್ತವರ ಹೆಸರಿನಲ್ಲಿದ್ದುದರಿಂದ ಅದು ಎಲ್ಲೋ ನಿಂತಿತ್ತು. ಈಗೊಂದು ತಿಂಗಳು ಕಾಕಾ ಬಿಲ್ಲು ತುಂಬಲು ಹೋದರೆ, ನಿಮ್ಮದು ತುಂಬಿಯಾಗಿದೆ ಎಂದರಂತೆ. ಮುಂದಿನ ತಿಂಗಳೂ ಹಾಗೆಯೇ. ಅರ್ಜಿ ಪಾಸಾಯಿತೆಂದು ಕಾಕಾ ತಿಳಿದುಕೊಂಡರು. ಚಹಾದಂಗಡಿಯಲ್ಲಿ ಕೂತು, ಇಷ್ಟು ವರ್ಷದಲ್ಲಿ ಬಡವರ ಗೋಳು ಕೇಳಿದ ಸರಕಾರ ಇದೊಂದೇ ಎಂದು ಹೊಗಳಿದರು. ಸರಕಾರ ಕೊಟ್ಟಿದ್ದನ್ನು ಉಪಯೋಗಿಸದಿದ್ದರೆ ಸರಕಾರಕ್ಕೆ ಅವಮಾನವೆಂದು ನೀರು ಕಾಯಿಸುವ ಗೀಜರ್ ತಂದರು, ಫ್ರಿಜ್ ತಂದರು, ಅಂಗಳಕ್ಕೆ ಎರಡು ದೊಡ್ಡ ಬಲ್ಬು ಹಾಕಿಸಿದರು.

ನಾನು ಇದನ್ನು ನಮ್ಮವರಿಗೆ ಹೇಳಿದೆ. ಅವರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಾವು ಕತ್ತಲಲ್ಲಿ ಕೂತು ದುಡ್ಡು ಕಟ್ಟುವುದು, ಅವರು ಬೆಳಕಲ್ಲಿ ಕೂತು ಪುಕ್ಕಟೆ ಉಣ್ಣುವುದು, ಇದು ಯಾವ ನ್ಯಾಯ ಎಂದು ಅಂಗಡಿಗೆ ಬಂದ ರೈತರ ಮುಂದೆಲ್ಲ ಸರಕಾರವನ್ನು ಬೈದರು. ಹೀಗೆ ನಮ್ಮ ಊರಲ್ಲಿ ಆ ವರ್ಷ ಸರಕಾರದ ಪರ ಮಾತಾಡುವ ಬಾಯಿ ಒಂದು, ವಿರುದ್ಧ ಮಾತಾಡುವ ಬಾಯಿ ಒಂದು, ಎರಡೂ ನಮ್ಮ ಮನೆತನದವೇ ಆಗಿದ್ದವು. ಸರಕಾರ ಎರಡು ಕಡೆಯೂ ಏನೂ ಮಾಡಿರಲಿಲ್ಲ.

ಒಂದು ರವಿವಾರ ಮುಂಜಾನೆ ಲೈನ್‌ಮನ್ ಏಣಿ ತಂದು ನಮ್ಮ ಗೋಡೆಗೆ ಆನಿಸಿದ. ಬಾಕಿ ಉಳಿದಿದೆ, ಕನೆಕ್ಷನ್ ತೆಗೆಯಲು ಹೇಳಿದ್ದಾರೆ ಎಂದ. ನಮ್ಮವರು ಬನಿಯನ್ನಿನಲ್ಲೇ ಹೊರಗೆ ಬಂದರು. ತಪ್ಪದೆ ಬಿಲ್ಲು ತುಂಬುವ ಮನೆಗೆ ಬಂದು ಹೀಗೆ ಮಾಡುವುದೆಂದರೇನು ಎಂದು ದನಿ ಏರಿಸಿದರು. ಲೈನ್‌ಮನ್ ಪಾಪ ಜಗಳಗಂಟನಲ್ಲ. ತನಗೆ ಅದೆಲ್ಲ ತಿಳಿಯುವುದಿಲ್ಲ, ಆಫೀಸಿನಲ್ಲಿ ಕೇಳಿಕೊಳ್ಳಿ, ತನಗೆ ಕತ್ತರಿಸು ಎಂದಿದ್ದಾರೆ ಎಂದಷ್ಟೇ ಹೇಳಿದ. ಅಷ್ಟರಲ್ಲಿ ನಾಲ್ಕು ಮಂದಿ ಸೇರಿದರು. ಮಂದಿ ಸೇರಿದ ಮೇಲೆ ನಮ್ಮವರಿಗೆ ಸಾಕ್ಷಿ ಸಮೇತ ವಾದ ಮಾಡುವ ಹುಮ್ಮಸ್ಸು ಬಂತು. ಮೊಬೈಲು ತೆಗೆದು, ಯಶಸ್ವಿ, ಯಶಸ್ವಿ ಎಂದು ಒಂದೊಂದೇ ಸಂದೇಶ ತೋರಿಸಿ, ಬೇಕಾದರೆ ನಂಬರು ತಾಳೆ ನೋಡಿ ಎಂದು ಮೀಟರಿನ ನಂಬರನ್ನು ಬಿಡಿಬಿಡಿಯಾಗಿ, ಇಡೀ ಓಣಿಗೆ ಕೇಳುವಂತೆ ಓದಿದರು.

ಓದಿ ಮುಗಿಸಿದಾಗ ಗೋಡೆಯ ಆ ಕಡೆಯಿಂದ ಒಂದು ದನಿ ಬಂತು.

“ಆ ನಂಬರ ನಂದೈತಿ.”

ಕಾಕಾ. ಎಷ್ಟೋ ವರ್ಷದಿಂದ ಕಿಟಕಿಯಲ್ಲಿ ಅದೇ ನಂಬರು ಹೇಳಿ ಬಿಲ್ಲು ತುಂಬಿದವರು. ಹೇಳಿದ ಮೇಲೆ ಅದರ ಅರ್ಥ ಅವರಿಗೂ ಹೊಳೆದಿರಬೇಕು. ನಮ್ಮವರು ಪಾಡ್ಯದ ಮುಂಜಾನೆ ಹಲಗೆಯಿಂದ ಎಳೆದು ತಂದದ್ದು ಕಾಕಾನ ಮನೆಯ ಚೀಟಿ. ಹೆಸರು ಅಜ್ಜನದೇ ಆದ್ದರಿಂದ ನಾವೆಲ್ಲ ಕೈಮುಗಿದು ಒಪ್ಪಿದ್ದೆವು. ಅಲ್ಲಿಂದ ಇಲ್ಲಿಯ ತನಕ ನಾವು ಒರಳಲ್ಲಿ ಕುಟ್ಟಿ ಉಳಿಸಿದ್ದರಲ್ಲಿ ಅವರು ಬಿಸಿನೀರಿನ ಸ್ನಾನ ಮಾಡಿದ್ದರು. ಸೇರಿದ ಮಂದಿಯಲ್ಲಿ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಲೈನ್‌ಮನ್ ನಗದೆ ಏಣಿ ಏರಿ, ನಮ್ಮ ವಾಯರು ಬಿಚ್ಚಿ, ನಮಸ್ಕಾರ ಮಾಡಿ ಹೋದ.

ನಮ್ಮವರು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅವರನ್ನು ಆ ಹೊತ್ತು ಏನೂ ಕೇಳಬಾರದೆನ್ನುವಷ್ಟು ವಿವೇಕ ನನ್ನಲ್ಲಿತ್ತು. ಅತ್ತೆಯಲ್ಲಿ ಇರಲಿಲ್ಲ. ಸೊಸೆಗೆ ವಿಷ ಹಾಕುತ್ತಾರೋ ಇಲ್ಲವೋ ಎಂದು ಇವತ್ತು ತಿಳಿಯುವುದಿತ್ತು ಎನ್ನುವುದನ್ನು ಮಗನಿಗೆ ಮೂರು ರೀತಿಯಲ್ಲಿ ಹೇಳಿದರು.

ದೀಪ ಹಚ್ಚುವ ಹೊತ್ತಿಗೆ ಕಾಕಾ ಬಂದರು. ಅವರು ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾವು ಚಾರ್ಜಿನ ಬ್ಯಾಟರಿಯೊಂದನ್ನು ಗೂಡಿನಲ್ಲಿ ನಿಲ್ಲಿಸಿದ್ದೆವು. ಅದರ ಬೆಳಕು ಅಣ್ಣತಮ್ಮ ಇಬ್ಬರ ಮೊಣಕಾಲ ತನಕ ಮಾತ್ರ ಬೀಳುತ್ತಿತ್ತು. ಬಹುಶಃ ಅದು ಒಳ್ಳೆಯದೇ ಆಯಿತು, ಮುಖ ನೋಡದೆ ಮಾತಾಡಲು ಇಬ್ಬರಿಗೂ ಅನುಕೂಲವಾಯಿತು. ಕಾಕಾ ಕೂರಲಿಲ್ಲ. ಅಂಗಿಯ ಜೇಬಿಗೆ ಕೈಹಾಕಿ, ಎಷ್ಟಾಯಿತು ಹೇಳು ಎಂದು ಗೋಡೆಯನ್ನು ಕೇಳಿದರು. ತಮ್ಮನಿಂದ ಲೈಟಿನ ರೊಕ್ಕ ಇಸಿದುಕೊಳ್ಳುವಷ್ಟು ತಾನು ಕೆಟ್ಟಿಲ್ಲ ಎಂದು ಮಾವನವರು ಬ್ಯಾಟರಿಗೆ ಹೇಳಿದರು. ಮಂದಿಯ ಬೆಳಕಿನಲ್ಲಿ ಉಂಡವನೆಂದು ಅನ್ನಿಸಿಕೊಳ್ಳುವಷ್ಟು ತಾನೂ ಕೆಟ್ಟಿಲ್ಲ ಎಂದು ಕಾಕಾ. ಇಸಿದುಕೊಳ್ಳುವುದಿಲ್ಲ, ಕೊಡದೆ ಹೋಗುವುದಿಲ್ಲ. ದನಿ ಏರಿತು. ಊರಲ್ಲಿ ತನ್ನ ಮರ್ಯಾದೆ ತೆಗೆಯಲೆಂದೇ ಬೇಕಂತ ಹೀಗೆ ಮಾಡಿದ್ದು ಎಂದು ಕಾಕಾ ಕೂಗಿದಾಗ ನಮ್ಮವರು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವನವರು ಕೂತಲ್ಲಿಂದಲೇ ನಡುವೆ ಬಾಯಿ ಹಾಕಿದರು.

“ಹೌದು, ಬೇಕಂತs ಮಾಡಿಸೇನಿ. ತಮ್ಮನ ಮನಿ ಕತ್ತಲಾಗಬಾರದಂತ ನಾನs ಹುಡುಗಗ ಹೇಳಿದ್ನಿ.”

ನಾವು ಮೂವರೂ ಅವರನ್ನು ನೋಡಿದೆವು. ಇಷ್ಟು ದೊಡ್ಡ ಸುಳ್ಳನ್ನು ಅವರು ಇಷ್ಟು ನೆಟ್ಟಗೆ ಕೂತು ಹೇಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಂಡಿಲ್ಲ.

ಕಾಕಾ ಜೇಬಿನಿಂದ ಕೈ ಹೊರಗೆ ತೆಗೆದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: “ಸುಳ್ಳ ಹೇಳಬ್ಯಾಡ, ದಾದಾ. ನಿನಗ ಗೊತ್ತಿದ್ರ ನನ್ನ ಮನಿ ವಾಯರ ನೀನs ಕತ್ತರಿಸತಿದ್ದಿ.”

ಮಾವನವರು ಅದನ್ನು ಯೋಚಿಸಿದರು. “ಅದೂ ಖರೆ ಐತಿ” ಎಂದರು.

ಮೊದಲು ನಕ್ಕವರು ಯಾರೆಂದು ಕತ್ತಲಲ್ಲಿ ತಿಳಿಯಲಿಲ್ಲ. ಇಬ್ಬರ ನಗೆಯೂ ಒಂದೇ ತರಹ ಇತ್ತು, ಕೆಮ್ಮಿನಲ್ಲಿ ಮುಗಿಯುವಂಥದು. ಅತ್ತೆ ಏನೂ ಕೇಳದೆ ಒಲೆಯ ಮೇಲೆ ಚಹಾಕ್ಕೆ ಇಟ್ಟರು. ಕಾಕಾ ಕೂತರು. ನನಗೆ ಯಾಕೋ ಕಣ್ಣು ಮಂಜಾಯಿತು. ಕಪ್ಪು ಬಸಿ ತರುವ ನೆವದಲ್ಲಿ ಒಳಗೆ ಹೋದೆ.

ಹಣದ ಸಮಸ್ಯೆಗೆ ಚಹಾ ಕುಡಿಯುತ್ತ ದಾರಿ ಸಿಕ್ಕಿತು. ಕಾಕಾ ಅಣ್ಣನ ಕೈಗೆ ಕೊಡುವುದಿಲ್ಲ, ಅಣ್ಣ ಇಸಿದುಕೊಳ್ಳುವುದಿಲ್ಲ. ಆದರೆ ನಮ್ಮ ಬಾಕಿಯನ್ನು ಕಾಕಾ ಹೋಗಿ ಆಫೀಸಿನಲ್ಲಿ ತುಂಬಿದರೆ ಅದನ್ನು ಮಾವನವರು ನೋಡಿದಂತಾಗುವುದಿಲ್ಲ. ಮಾರನೆಯ ದಿನ ಕಾಕಾ ತುಂಬುವಾಗ ಮಾವನವರು ಪಕ್ಕದಲ್ಲೇ ನಿಂತು ಬೇರೆ ಕಡೆ ನೋಡಿದರಂತೆ. ಸಂಜೆಯೊಳಗೆ ನಮ್ಮ ವಾಯರು ಕೂಡಿತು. ಇಬ್ಬರೂ ಕೂಡಿಯೇ ಹೋಗಿದ್ದೀರಲ್ಲ, ಹೆಸರು ಬದಲಿಸುವ ಅರ್ಜಿಯನ್ನೂ ಕೊಟ್ಟು ಬರಬಾರದಿತ್ತೇ ಎಂದು ನಾನು ಕೇಳಿದೆ. ಅಪ್ಪನ ಹೆಸರಿರಲಿ ಬಿಡು ಎಂದರು ಮಾವನವರು. ಈ ಒಂದು ವಿಷಯದಲ್ಲಿ ತಮ್ಮನ ಅಭಿಪ್ರಾಯವೂ ಅದೇ ಎಂದರು.

ರಾಜಿಯಾಯಿತೆಂದು ತಿಳಿಯಬಾರದು. ಮಾತು ಶುರುವಾದದ್ದರಿಂದ ಈಗ ದಿನಾ ಜಗಳವಾಗುತ್ತದೆ, ನೀರಿನ ಪಾಳಿಗೊಮ್ಮೆ, ನಾಯಿಗೊಮ್ಮೆ. ಕಾಕಾನಿಗೆ ನಮ್ಮ ಮೇಲಿನ ಸಿಟ್ಟು ಇಳಿಯಿತು, ಸರಕಾರದ ಮೇಲೆ ಏರಿತು. ತನಗೆ ಇಷ್ಟು ತಿಂಗಳು ಮೋಸ ಮಾಡಿತೆಂದು ಚಹಾದಂಗಡಿಯಲ್ಲಿ ಅದನ್ನು ಬೈಯುತ್ತಾರೆ. ಹೊಗಳಿಕೆಯ ಹಾಗೆಯೇ ಈ ಬೈಗುಳವೂ ಸರಕಾರಕ್ಕೆ ಕಾರಣ ತಿಳಿಯದೆ ಬಂದದ್ದು.

ಆಟೋಪೇಯ ಬಗ್ಗೆ ಮತ್ತೊಮ್ಮೆ ಸಭೆ ಕೂಡಿತು. ತಪ್ಪು ತಂತ್ರಜ್ಞಾನದ್ದಲ್ಲ, ನಂಬರಿನದು, ಸರಿಯಾದ ನಂಬರು ಹಾಕಿದರಾಯಿತು ಎಂದು ನಮ್ಮವರು ವಾದಿಸಿದರು. ವಾದ ಸರಿಯಾಗಿಯೇ ಇತ್ತು, ವಾದಿಸುವ ಮನುಷ್ಯನಿಗೆ ಸಭೆಯಲ್ಲಿ ಬೆಲೆ ಉಳಿದಿರಲಿಲ್ಲ. ಲೈಟ್ ಬಿಲ್ಲನ್ನು ಇನ್ನು ಮುಂದೆ ಕೈಯಿಂದಲೇ ತುಂಬುವುದು ಎಂದು ಮಾವನವರು ಹೇಳಿದರು. ಟೀವಿಯದನ್ನು ಮುಟ್ಟಿದರೆ ನೋಡಿ ಎಂದು ಅತ್ತೆ ಹೇಳಿದರು. ಎರಡೂ ಮಂಜೂರಾದವು. ನನ್ನ ಅಭಿಪ್ರಾಯವನ್ನು ಈ ಸಲ ಯಾರೂ ಕೇಳಲಿಲ್ಲ.

ಕೆಲವು ದಿನ ಕಳೆದು, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕಾಕು ಕರೆದರು. ಅಂಗಳದ ದೊಡ್ಡ ಬಲ್ಬುಗಳನ್ನು ಕಾಕಾ ಬಿಚ್ಚಿಟ್ಟಿದ್ದಾರೆ, ಗೀಜರಿನ ಮೇಲೆ ಗೋಣಿಚೀಲ ಹೊದಿಸಿದ್ದಾರೆ, ಫ್ರಿಜ್ಜಿನ ಬಾಗಿಲು ತೆರೆದಾಗಲೊಮ್ಮೆ ತನ್ನ ಕಡೆ ನೋಡುತ್ತಾರೆ ಎಂದರು. ಆಮೇಲೆ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದರು.

“ಆ ನಾಕ ತಿಂಗಳ ಮನಶ್ಯಾ ಭಾಳ ಛಲೋ ಇದ್ದಾ ನೋಡವಾ. ನನಗೂ ದಿನಾ ಬಿಸಿನೀರ ಹಾಕ್ಕೋ ಅಂತಿದ್ದಾ. ನಿನ್ನ ಗಂಡಗ ಮತ್ತೊಮ್ಮೆ ನಂಬರ ತಪ್ಪಸಾಕ ಬರ್ತದೇನು?”

ಹೇಳಿ ಮಾಡಿಸಲು ಬರುವುದಿಲ್ಲ, ಅದು ತಾನಾಗಿಯೇ ಆಗಬೇಕು ಎಂದೆ. ಕಾಕು ನಿಟ್ಟುಸಿರು ಬಿಟ್ಟು, ಒಂದು ಹಿಡಿ ಕರಿಬೇವು ಕಿತ್ತು ಗೋಡೆಯ ಮೇಲಿಟ್ಟು ಒಳಗೆ ಹೋದರು.